ಚದುರಿಸಿ ಉಳಿಸುವ ಗಣಿತ: ರಾಜಚಂದ್ರ ಬೋಸ್ ಬದುಕು

ಬೆಂಗಳೂರು: ಜಯನಗರ 4ನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟುಗಳ ನಡುವೆ ನಿಲ್ಲಿಸಿದ ಕ್ಯೂಆರ್ ಫಲಕ ದಿನವಿಡೀ ನೀರು ಚಿಮುಕಿಸಿಕೊಳ್ಳುತ್ತಲೇ ಇರುತ್ತದೆ. ಅದರ ಮೇಲೆ ಕೊತ್ತಂಬರಿಯ ಎಲೆ ಅಂಟಿರುತ್ತದೆ, ಒಂದು ಬದಿ ಬಿಸಿಲಿಗೆ ಮಾಸಿರುತ್ತದೆ, ನಡುವೆ ಒಂದು ಗೀರು ಬಿದ್ದಿರುತ್ತದೆ. ಆದರೂ ಗ್ರಾಹಕರ ಮೊಬೈಲ್ ಅದನ್ನು ಕ್ಷಣಾರ್ಧದಲ್ಲಿ ಓದುತ್ತದೆ. ಹಣ ಸರಿಯಾದ ಖಾತೆಗೇ ಸೇರುತ್ತದೆ. ಅಂಗಡಿಯವರಾಗಲೀ ಗ್ರಾಹಕರಾಗಲೀ ಇದರಲ್ಲಿ ಯಾವ ವಿಶೇಷವನ್ನೂ ಕಾಣುವುದಿಲ್ಲ.

ಆ ಫಲಕದ ಕಪ್ಪು ಬಿಳುಪು ಚೌಕುಳಿಗಳಲ್ಲಿ, ಮೂಲೆಯ ದೊಡ್ಡ ಚೌಕಗಳಿಗೆ ತಾಗಿಕೊಂಡಂತೆ, 15 ಬಿಟ್‌ಗಳ ಒಂದು ಪಟ್ಟಿ ಇದೆ. ಉಳಿದ ಚೌಕುಳಿಗಳನ್ನು ಹೇಗೆ ಓದಬೇಕೆಂದು ಮೊಬೈಲಿಗೆ ತಿಳಿಸುವುದು ಈ ಪಟ್ಟಿಯ ಕೆಲಸ. 15ರಲ್ಲಿ ನಿಜವಾದ ಸುದ್ದಿ ಇರುವುದು ಐದರಲ್ಲಿ ಮಾತ್ರ. ಮಿಕ್ಕ 10 ಬಿಟ್‌ಗಳು ಕಾವಲಿಗೆ. ಹದಿನೈದರಲ್ಲಿ ಯಾವ ಮೂರು ಕೆಟ್ಟರೂ ಮೂಲ ಸುದ್ದಿಯನ್ನು ತಪ್ಪಿಲ್ಲದೆ ಮರಳಿ ಪಡೆಯಬಹುದು. ಈ ಏರ್ಪಾಡನ್ನು ಜಗತ್ತು ಬಿಸಿಎಚ್ ಸಂಕೇತ ಎಂದು ಕರೆಯುತ್ತದೆ. ಅದರಲ್ಲಿನ ‘ಬಿ’ ಎಂದರೆ ಬೋಸ್.

ಬೋಸ್ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವವರು ಸುಭಾಷ್‌ಚಂದ್ರರು. ವಿಜ್ಞಾನ ಓದಿದವರಿಗೆ ಜಗದೀಶಚಂದ್ರರು ಅಥವಾ ಸತ್ಯೇಂದ್ರನಾಥರು. ಇವರು ರಾಜಚಂದ್ರ ಬೋಸ್. ಗಣಿತದ ಲೋಕದಲ್ಲಿ ಹೆಸರಾಂತರು, ತಮ್ಮ ದೇಶದ ಬೀದಿಯಲ್ಲಿ ಅಪರಿಚಿತರು. ಅವರು ತಮ್ಮ ಪ್ರಾಯದ ವರ್ಷಗಳಲ್ಲಿ ತಲೆಕೆಡಿಸಿಕೊಂಡದ್ದು ದೂರವಾಣಿಯ ಬಗ್ಗೆಯೂ ಅಲ್ಲ, ಕಂಪ್ಯೂಟರಿನ ಬಗ್ಗೆಯೂ ಅಲ್ಲ. ಭತ್ತ, ಸೆಣಬುಗಳ ಹೊಲವನ್ನು ಹೇಗೆ ಭಾಗ ಮಾಡಿ ಬಿತ್ತಿದರೆ ಪ್ರಯೋಗ ನ್ಯಾಯವಾಗಿರುತ್ತದೆ ಎಂಬ ಪ್ರಶ್ನೆಯ ಬಗ್ಗೆ.

ರೋಹ್ಟಕ್‌ನಿಂದ ಕಲ್ಕತ್ತೆಗೆ

ಬೋಸ್ ಅವರು 1901ರ ಜೂನ್ 19ರಂದು ಈಗಿನ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಜನಿಸಿದರು. ತಂದೆ ಸೇನೆಯಲ್ಲಿ ವೈದ್ಯರಾಗಿದ್ದವರು. ಬಂಗಾಳಿ ಕುಟುಂಬವಾದರೂ ಬಾಲ್ಯ ಕಳೆದದ್ದು ಹರಿಯಾಣದ ರೋಹ್ಟಕ್‌ನಲ್ಲಿ. ಮಗ ತರಗತಿಗೆ ಮೊದಲಿಗನಾಗಿರಲೇಬೇಕೆಂಬುದು ತಂದೆಯ ಕಟ್ಟುನಿಟ್ಟು. ಐವರು ಮಕ್ಕಳಲ್ಲಿ ಹಿರಿಯವರಾದ ಅವರು ದೆಹಲಿಯ ಹಿಂದೂ ಕಾಲೇಜಿಗೆ ಸೇರಿದ ಹೊಸತರಲ್ಲೇ, 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ತಾಯಿ ತೀರಿಕೊಂಡರು. ಮರುವರ್ಷ ತಂದೆಯೂ ಇಲ್ಲವಾದರು. ಹದಿನೆಂಟರ ಹುಡುಗನ ಹೆಗಲಿಗೆ ತಮ್ಮ ತಂಗಿಯರ ಹೊಣೆ ಬಿತ್ತು. ವಿದ್ಯಾರ್ಥಿವೇತನ, ಮನೆಪಾಠಗಳಿಂದ ಸಂಸಾರ ಸಾಗಿತು, ಓದು ನಿಲ್ಲಲಿಲ್ಲ.

ದೆಹಲಿಯಲ್ಲಿ ಅನ್ವಯಿಕ ಗಣಿತದ ಎಂ.ಎ. ಪಡೆದ ಮೇಲೆ ಅವರು ಕಲ್ಕತ್ತೆಗೆ ಹೋದರು. ಅಲ್ಲಿ ಜ್ಯಾಮಿತಿ ವಿದ್ವಾಂಸರಾದ ಶ್ಯಾಮಾದಾಸ ಮುಖೋಪಾಧ್ಯಾಯರು ಅವರಿಗೆ ಗುರುವಾಗಿ, ಆಸರೆಯಾಗಿ ದೊರೆತರು. 1927ರಲ್ಲಿ ಶುದ್ಧ ಗಣಿತದಲ್ಲಿಯೂ ಎಂ.ಎ. ಆಯಿತು. ಮುಂದೆ ಆಶುತೋಷ್ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ. ದಿನವೆಲ್ಲ ಪಾಠ, ಉಳಿದ ಸಮಯದಲ್ಲಿ ಜ್ಯಾಮಿತಿಯ ಸಂಶೋಧನೆ.

1932ರ ಕೊನೆಯಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಬಳಿಗೆ ಬಂದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಆಗ ಒಂದು ವರ್ಷದ ಕೂಸು. ಪ್ರೆಸಿಡೆನ್ಸಿ ಕಾಲೇಜಿನೊಳಗೇ ಅದರ ಪ್ರಯೋಗಾಲಯ. ಅಲ್ಲಿಗೆ ಒಬ್ಬ ಒಳ್ಳೆಯ ಗಣಿತಜ್ಞ ಬೇಕಾಗಿತ್ತು. ಬೋಸ್ ಅವರಿಗೆ ಸಂಖ್ಯಾಶಾಸ್ತ್ರದ ಗಂಧಗಾಳಿಯೂ ಇರಲಿಲ್ಲ. ಆದರೂ ಒಪ್ಪಿ ಅರೆಕಾಲಿಕವಾಗಿ ಸೇರಿದರು. ಓದಬೇಕಾದ ಲೇಖನಗಳ ರಾಶಿಯನ್ನು ಮುಂದಿಟ್ಟುಕೊಂಡು, ಮೂವತ್ತು ದಾಟಿದ ವಯಸ್ಸಿನಲ್ಲಿ ಹೊಸದೊಂದು ಶಾಸ್ತ್ರವನ್ನು ಮೊದಲಕ್ಷರದಿಂದ ಕಲಿತರು.

ಹೊಲದ ಲೆಕ್ಕ

ಇಲ್ಲಿ ಹೊಲದ ಸಮಸ್ಯೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು; ಬೋಸ್ ಅವರ ಮುಂದಿನ ಕೆಲಸವೆಲ್ಲ ಅಲ್ಲಿಂದಲೇ ಮೊಳೆತದ್ದು.

ಏಳು ರಾಗಿ ತಳಿಗಳಲ್ಲಿ ಯಾವುದು ಹೆಚ್ಚು ಇಳುವರಿ ಕೊಡುತ್ತದೆ ಎಂದು ತಿಳಿಯಬೇಕಾಗಿದೆ ಎನ್ನೋಣ. ಒಂದೊಂದು ತಳಿಯನ್ನು ಹೊಲದ ಒಂದೊಂದು ಮೂಲೆಯಲ್ಲಿ ಬಿತ್ತಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಒಂದು ಮೂಲೆಯಲ್ಲಿ ಚೌಳು ಇರಬಹುದು, ಇನ್ನೊಂದರಲ್ಲಿ ನೀರು ನಿಲ್ಲಬಹುದು. ಕೆಟ್ಟ ಮಣ್ಣು ಹೊಲದಲ್ಲಿ ಅಲ್ಲೊಂದು ಹಿಡಿ ಇಲ್ಲೊಂದು ಹಿಡಿ ಇರುವುದಿಲ್ಲ. ಒಂದೆಡೆ ಗುಂಪಾಗಿ ಇರುತ್ತದೆ. ಆ ಗುಂಪಿನೊಳಗೆ ಸಿಕ್ಕಿಬಿದ್ದ ತಳಿ, ತಾನು ಎಷ್ಟೇ ಉತ್ತಮವಾಗಿದ್ದರೂ, ಸೋಲುತ್ತದೆ. ಆದ್ದರಿಂದ ಹೊಲವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ಪ್ರತಿ ತಳಿಯನ್ನೂ ಹಲವು ಕಟ್ಟುಗಳಲ್ಲಿ ಹಂಚಿ ಬಿತ್ತಬೇಕು ಎಂದು ಇಂಗ್ಲೆಂಡಿನ ರೊನಾಲ್ಡ್ ಫಿಶರ್ ತೋರಿಸಿಕೊಟ್ಟಿದ್ದರು.

ಒಂದು ಕಟ್ಟಿನಲ್ಲಿ ಮೂರೇ ತಾಕುಗಳಿಗೆ ಜಾಗವಿದ್ದರೆ ಏನು ಮಾಡುವುದು? ತಳಿಗಳಿಗೆ 1ರಿಂದ 7ರವರೆಗೆ ಸಂಖ್ಯೆ ಕೊಟ್ಟು ಹೀಗೆ ಏಳು ಕಟ್ಟು ಮಾಡಬಹುದು: 1-2-4, 2-3-5, 3-4-6, 4-5-7, 5-6-1, 6-7-2, 7-1-3. ಓದುಗರು ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು. ಪ್ರತಿ ತಳಿಯೂ ಮೂರು ಬಾರಿ ಬರುತ್ತದೆ; ಯಾವ ಎರಡು ತಳಿಗಳನ್ನು ಆರಿಸಿದರೂ ಅವು ಒಂದೇ ಒಂದು ಕಟ್ಟಿನಲ್ಲಿ ಜೊತೆಯಾಗುತ್ತವೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಒಂದು ಕಟ್ಟಿಗೆ ಕೇಡು ಬಂದರೆ ಮೂರು ತಳಿಗಳಿಗೆ ತಲಾ ಒಂದು ಪಾಲು ನಷ್ಟ. ಯಾವ ತಳಿಯೂ ಪೂರ್ತಿ ಮುಳುಗುವುದಿಲ್ಲ.

ಏಳಕ್ಕೆ ಮೂರು ಎಂಬುದನ್ನು ತಡಕಾಡಿ ಕಂಡುಕೊಳ್ಳಬಹುದು. ತಳಿಗಳ ಸಂಖ್ಯೆ ಬೆಳೆದಂತೆ ತಡಕಾಟ ಸಾಲದು, ದಾರಿ ಬೇಕು. 1937-38ರ ಚಳಿಗಾಲದಲ್ಲಿ ಫಿಶರ್ ಅವರೇ ಕಲ್ಕತ್ತೆಗೆ ಬಂದಾಗ ಬೋಸ್ ಈ ಪ್ರಶ್ನೆಗಳಲ್ಲಿ ಆಳವಾಗಿ ಮುಳುಗಿದರು. ಇದೇ ವೇಳೆಗೆ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಬೀಜಗಣಿತಜ್ಞ ಫ್ರೆಡ್ರಿಕ್ ಲೆವಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರಿಂದ ಬೋಸ್ ಕಲಿತದ್ದು ಗಾಲ್ವಾ ಕ್ಷೇತ್ರಗಳ ವಿದ್ಯೆ. ಗಡಿಯಾರದಲ್ಲಿ 12ರ ನಂತರ ಮತ್ತೆ 1 ಬರುವಂತೆ ಎಣಿಕೆ ಸುತ್ತಿ ಬರುವ, ಆದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ನಾಲ್ಕೂ ಅಚ್ಚುಕಟ್ಟಾಗಿ ನಡೆಯುವ ಸೀಮಿತ ಸಂಖ್ಯಾಲೋಕಗಳವು. ಇಪ್ಪತ್ತು ವರ್ಷ ತುಂಬಿ ಕೆಲವೇ ತಿಂಗಳಲ್ಲಿ ದ್ವಂದ್ವಯುದ್ಧದಲ್ಲಿ ಪ್ರಾಣ ಕಳೆದುಕೊಂಡ ಫ್ರೆಂಚ್ ತರುಣ ಎವಾರಿಸ್ತ್ ಗಾಲ್ವಾನ ಕಾಣಿಕೆ. ಅದರಿಂದ ಹೊಲ ಉಳಲು ಬರುತ್ತದೆಂದು ಅಲ್ಲಿಯವರೆಗೆ ಹೆಚ್ಚು ಜನ ಎಣಿಸಿರಲಿಲ್ಲ. ಬೋಸ್ 1938ರಲ್ಲಿ ಈ ವಿದ್ಯೆಯನ್ನು ಲ್ಯಾಟಿನ್ ಚೌಕಗಳ ರಚನೆಗೆ ಬಳಸಿದರು; 1939ರಲ್ಲಿ ಮೇಲೆ ಹೇಳಿದಂಥ ಸಮತೂಕದ ಕಟ್ಟುಗಳನ್ನು ರಚಿಸುವ ವಿಧಾನಗಳನ್ನು ಫಿಶರ್ ಅವರ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ವಿನ್ಯಾಸಗಳ ಗಣಿತ ಎಂಬ ಶಾಖೆ ಅಲ್ಲಿಂದ ಬೇರೂರಿತು.

ಕನ್ನಡ ನಾಡಿಗೂ ಇಲ್ಲೊಂದು ನಂಟಿದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು 1941ರಲ್ಲಿ ಕಲ್ಕತ್ತೆಯ ಈ ಸಂಸ್ಥೆಗೆ ಸೇರಿದಾಗ ಅಲ್ಲಿದ್ದ ಗುರುಗಳಲ್ಲಿ ಬೋಸ್ ಒಬ್ಬರು. 1944ರಲ್ಲಿ ಇಬ್ಬರೂ ಸೇರಿ, ಸರ್ವದಮನ ಚೌಲಾ ಅವರೊಡನೆ, ಸಂಖ್ಯಾಸಿದ್ಧಾಂತದ ಲೇಖನ ಬರೆದರು. ಇದೇ ವಿನ್ಯಾಸ ವಿದ್ಯೆಯನ್ನು ಮುಂದುವರಿಸಿ ರಾವ್ ಅವರು 1947ರಲ್ಲಿ ಮಂಡಿಸಿದ ‘ಆರ್ಥಾಗನಲ್ ಅರೇ’ ಎಂಬ ಕೋಷ್ಟಕಗಳಿಗೂ ದೋಷ ಸರಿಪಡಿಸುವ ಸಂಕೇತಗಳಿಗೂ ಒಳಸಂಬಂಧವಿದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ರಾವ್ ಅವರು 2023ರಲ್ಲಿ, 102ನೇ ವಯಸ್ಸಿನಲ್ಲಿ ನಿಧನರಾದರು. ಅದೇ ಸಂಸ್ಥೆಯ ಬೆಂಗಳೂರು ಕೇಂದ್ರ ಇಂದು ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿದೆ, ಬನಶಂಕರಿಯಿಂದ ದೂರವೇನಲ್ಲ.

ದೇಶ ಬಿಟ್ಟ ನಿರ್ಧಾರ

ಬೋಸ್ 1945ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ವಿಚಿತ್ರವೆಂದರೆ ಅವರ ಬಳಿ ಆಗ ಡಾಕ್ಟರೇಟ್ ಇರಲಿಲ್ಲ. ಬಡ್ತಿಗೆ ಅದು ಬೇಕಾಗಿತ್ತು. ಅದಾಗಲೇ ಜಗತ್ತು ಓದಿ ಬಳಸುತ್ತಿದ್ದ ತಮ್ಮ ಲೇಖನಗಳನ್ನೇ ಕಟ್ಟಿ ಒಪ್ಪಿಸಿ 1947ರಲ್ಲಿ ಡಿ.ಲಿಟ್. ಪಡೆದರು. ಪರೀಕ್ಷಕರಲ್ಲಿ ಫಿಶರ್ ಅವರೂ ಇದ್ದರು.

ಆ ವರ್ಷವೇ ಅವರಿಗೆ ಅಮೆರಿಕದ ಆಹ್ವಾನ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲೂ ಸಂದರ್ಶಕರಾಗಿ ಪಾಠ ಮಾಡಿ ಮರಳಿದರು. ಸ್ವತಂತ್ರ ಭಾರತದಲ್ಲಿ ಅವರಿಗೆ ದೊರೆಯಲಿದ್ದುದು ದೊಡ್ಡ ಹುದ್ದೆಗಳು. ಜೊತೆಗೆ ಆಡಳಿತದ ಕಡತಗಳು. ಚಾಪೆಲ್ ಹಿಲ್‌ನಲ್ಲಿ ದೊರೆಯಲಿದ್ದುದು ಸಂಶೋಧನೆಗೆ ಸಮಯ. 1949ರಲ್ಲಿ, 47ನೇ ವಯಸ್ಸಿನಲ್ಲಿ, ಅವರು ಎರಡನೆಯದನ್ನು ಆರಿಸಿಕೊಂಡು ಪ್ರಾಧ್ಯಾಪಕರಾಗಿ ಅಲ್ಲಿಗೆ ತೆರಳಿದರು. ಪ್ರತಿಭಾ ಪಲಾಯನ ಎಂಬ ಮಾತು ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ. ಸಂಖ್ಯಾಶಾಸ್ತ್ರವನ್ನು ಈ ನೆಲದಲ್ಲಿ ಕಟ್ಟಿದ ಮೊದಲ ಕೆಲವರಲ್ಲಿ ಒಬ್ಬರು ಹೊರಟುಹೋದರು ಎಂಬುದು ನಷ್ಟವೇ ಸರಿ. ಅಲ್ಲಿ ಅವರು ಮಾಡಿದ ಎರಡು ಕೆಲಸಗಳನ್ನು ಕಡತಗಳ ನಡುವೆ ಮಾಡಲು ಸಾಧ್ಯವಾಗುತ್ತಿತ್ತೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಮೊದಲನೆಯದು ಅವರಿಗೆ ಪತ್ರಿಕೆಗಳ ಮುಖಪುಟದ ಕೀರ್ತಿ ತಂದಿತು. ಆರು ಪಡೆಗಳಿಂದ ಆರು ದರ್ಜೆಯ 36 ಅಧಿಕಾರಿಗಳನ್ನು, ಪ್ರತಿ ಅಡ್ಡಸಾಲು ಮತ್ತು ಕಂಬಸಾಲಿನಲ್ಲಿ ಪ್ರತಿ ಪಡೆಯವನೂ ಪ್ರತಿ ದರ್ಜೆಯವನೂ ಒಬ್ಬೊಬ್ಬನೇ ಇರುವಂತೆ ಚೌಕದಲ್ಲಿ ನಿಲ್ಲಿಸಲು ಬರುತ್ತದೆಯೇ? ಬರುವುದಿಲ್ಲವೆಂದು ಗಣಿತ ಸಾರ್ವಭೌಮ ಆಯ್ಲರ್ ಭಾವಿಸಿದ್ದರು. ಆರಕ್ಕೆ ಮಾತ್ರವಲ್ಲ, 10, 14, 18, 22 ಹೀಗೆ ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುವ ಯಾವ ಸಂಖ್ಯೆಗೂ ಬರುವುದಿಲ್ಲವೆಂದು 1782ರಲ್ಲಿ ಊಹಿಸಿದ್ದರು. ಆರರ ಮಟ್ಟಿಗೆ ಅದು ನಿಜವೆಂದು 1900ರ ಹೊತ್ತಿಗೆ ಸಾಬೀತಾಯಿತು. ಆದರೆ 1959ರಲ್ಲಿ ಬೋಸ್ ಮತ್ತು ಅವರ ಶಿಷ್ಯ ಎಸ್.ಎಸ್. ಶ್ರೀಖಂಡೆ 22ರ ಚೌಕವನ್ನು ಕಟ್ಟಿ ತೋರಿಸಿದರು, ಇ.ಟಿ. ಪಾರ್ಕರ್ 10ರದನ್ನು ಕಟ್ಟಿದರು. ಎರಡು ಮತ್ತು ಆರನ್ನು ಬಿಟ್ಟು ಬೇರೆ ಯಾವ ಸಂಖ್ಯೆಗೂ ಆಯ್ಲರರ ಊಹೆ ಸಲ್ಲದೆಂದು ಮೂವರೂ ಸೇರಿ ಸಾಧಿಸಿದರು. ಆ ವರ್ಷದ ಏಪ್ರಿಲ್ 26ರ ನ್ಯೂಯಾರ್ಕ್ ಟೈಮ್ಸ್ ಇದನ್ನು ಮುಖಪುಟದಲ್ಲಿ ಪ್ರಕಟಿಸಿತು. 177 ವರ್ಷಗಳ ನಂಬಿಕೆ ಬಿದ್ದುಹೋಯಿತು.

ಎರಡನೆಯ ಕೆಲಸ ಮುಖಪುಟಕ್ಕೆ ಬರಲಿಲ್ಲ. ಜಯನಗರದ ಸೊಪ್ಪಿನಂಗಡಿಗೆ ಬಂದದ್ದು ಅದೇ.

ಹದಿನೈದರಲ್ಲಿ ಮೂರು

ತಂತಿಯಲ್ಲಾಗಲೀ ಗಾಳಿಯಲ್ಲಾಗಲೀ ಸೊನ್ನೆ ಒಂದುಗಳ ಸಾಲನ್ನು ಕಳಿಸಿದಾಗ ಕೆಲವು ತಿರುಗುಮುರುಗಾಗುತ್ತವೆ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ, ಏಳು ಬಿಟ್‌ಗಳಲ್ಲಿ ಒಂದು ತಪ್ಪಿದರೆ ಅದು ಯಾವುದೆಂದು ಪತ್ತೆ ಮಾಡಿ ಸರಿಪಡಿಸುವ ಸಂಕೇತವನ್ನು ಪ್ರಕಟಿಸಿದ್ದರು. ಆ ಸಂಕೇತದಲ್ಲಿ ಸರಿಯಾಗಿ ಮೂರು ‘ಒಂದು’ಗಳಿರುವ ಪದಗಳು ಏಳೇ ಏಳು. ಅವನ್ನು ಬರೆದು ನೋಡಿದರೆ ಮೇಲಿನ ರಾಗಿ ತಳಿಗಳ ಏಳು ಕಟ್ಟುಗಳೇ ಕಣ್ಣೆದುರು ನಿಲ್ಲುತ್ತವೆ. ಇದು ಕಾಕತಾಳೀಯವಲ್ಲ. ಕೃಷಿ ಪ್ರಯೋಗಗಳ ಸಲುವಾಗಿ ಬೋಸ್ 1947ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಎತ್ತಿದ್ದ ಜ್ಯಾಮಿತಿಯ ಪ್ರಶ್ನೆ, ಸಂಕೇತಗಳ ಪ್ರಶ್ನೆಯೇ ಆಗಿತ್ತು. ಉಟ್ಟ ಬಟ್ಟೆ ಮಾತ್ರ ಬೇರೆ.

ಒಂದಕ್ಕಿಂತ ಹೆಚ್ಚು ತಪ್ಪುಗಳನ್ನು ಸರಿಪಡಿಸುವ ಸಂಕೇತಗಳನ್ನು ಕ್ರಮಬದ್ಧವಾಗಿ ರಚಿಸುವ ಒಳ್ಳೆಯ ದಾರಿ ಬೇಕಾಗಿತ್ತು. ಬೋಸ್ ಮತ್ತು ಅವರ ಶಿಷ್ಯ ದ್ವಿಜೇಂದ್ರ ರಾಯ್‌ಚೌಧುರಿ ತಮ್ಮ ಹಳೆಯ ಗಾಲ್ವಾ ಕ್ಷೇತ್ರಗಳನ್ನು ಹಿಡಿದು ಅದನ್ನು ಕಂಡುಕೊಂಡು 1960ರ ಮಾರ್ಚ್‌ನಲ್ಲಿ ಪ್ರಕಟಿಸಿದರು. 15 ಬಿಟ್‌ಗಳ ಪದದಲ್ಲಿ ನಾಲ್ಕನ್ನು ಕಾವಲಿಗೆ ಬಿಟ್ಟರೆ ಒಂದು ತಪ್ಪು, ಎಂಟನ್ನು ಬಿಟ್ಟರೆ ಎರಡು, 10ನ್ನು ಬಿಟ್ಟರೆ ಮೂರು ತಪ್ಪುಗಳನ್ನು ಸರಿಪಡಿಸಬಹುದು. ಕೊನೆಯದೇ ಕ್ಯೂಆರ್ ಫಲಕದಲ್ಲಿರುವುದು. ಫ್ರಾನ್ಸಿನ ಅಲೆಕ್ಸಿಸ್ ಓಕೆಂಗೆಮ್ ಇದೇ ದಾರಿಯನ್ನು ತಾವಾಗಿಯೇ ಕಂಡು 1959ರ ಸೆಪ್ಟೆಂಬರಿನಲ್ಲಿಯೇ ಪ್ರಕಟಿಸಿದ್ದರು. ಪ್ರಕಟಣೆಯಲ್ಲಿ ಅವರು ಮೊದಲಿಗರು. ಬಿಸಿಎಚ್ ಎಂಬ ಹೆಸರಿನಲ್ಲಿ ಅವರ ಅಕ್ಷರ ಕೊನೆಯದು.

ಗೊಂಚಲು ತಪ್ಪಿನ ಕಾಟ

ಹದಿನೈದರಲ್ಲಿ ಮೂರು ಎಂಬ ಭರವಸೆಗೆ ಒಂದು ಷರತ್ತಿದೆ. ನಾಲ್ಕನೆಯ ತಪ್ಪು ಬಂದರೆ ಸಂಕೇತ ಕೈಚೆಲ್ಲುತ್ತದೆ. ನಿಜ ಜೀವನದಲ್ಲಿ ತಪ್ಪುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬರುವುದು ಅಪರೂಪ. ಸಿ.ಡಿ.ಯ ಮೇಲಿನ ಗೀರು ಸಾವಿರಾರು ಬಿಟ್‌ಗಳನ್ನು ಒಟ್ಟಿಗೆ ಅಳಿಸುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ಸಾಗುವ ಬಸ್ಸಿನೊಳಗಿನ ಮೊಬೈಲಿಗೆ ಎತ್ತರದ ಕಟ್ಟಡವೊಂದು ಅಡ್ಡ ಬಂದರೆ ಆ ಗಳಿಗೆಯ ಬಿಟ್‌ಗಳೆಲ್ಲ ಸಾಲಾಗಿ ಕೆಡುತ್ತವೆ. ಹೊಲದ ಚೌಳಿನಂತೆ ಇಲ್ಲಿಯೂ ಕೇಡು ಬರುವುದು ಗೊಂಚಲಾಗಿ.

ಇದಕ್ಕೆ ಸಂಪರ್ಕ ಎಂಜಿನಿಯರುಗಳು ಕಂಡುಕೊಂಡ ಉಪಾಯವೇ ಇಂಟರ್‌ಲೀವರ್. ಸರಿಪಡಿಸುವ ಶಕ್ತಿಯನ್ನು ಅದು ಹೆಚ್ಚಿಸುವುದಿಲ್ಲ. ಕಳಿಸುವ ಮುನ್ನ ಬಿಟ್‌ಗಳ ಕ್ರಮವನ್ನು ಕದಲಿಸುತ್ತದೆ, ತಲುಪಿದ ಮೇಲೆ ಮೊದಲಿನಂತೆ ಜೋಡಿಸುತ್ತದೆ, ಅಷ್ಟೇ. ಅಷ್ಟರಿಂದಲೇ ಏನಾಗುತ್ತದೆ ಎಂಬುದನ್ನು ನಮ್ಮ ನಗರದ ಐದು ಬಡಾವಣೆಗಳ ಹೆಸರಿನಲ್ಲಿಯೇ ನೋಡಬಹುದು. ಜಯನಗರ, ಬನಶಂಕರಿ, ಕೋರಮಂಗಲ, ಉತ್ತರಹಳ್ಳಿ, ಗಿರಿನಗರ. ಒಂದೊಂದರಲ್ಲೂ ಐದೈದು ಅಕ್ಷರ. ಒಂದರ ಕೆಳಗೊಂದು ಬರೆದರೆ ಐದಕ್ಕೆ ಐದರ ಚೌಕ.

ಹೆಸರುಗಳನ್ನು ಇದ್ದ ಹಾಗೆಯೇ ಸಾಲಾಗಿ ಕಳಿಸಿದಾಗ ನಡುವಿನ ಐದು ಅಕ್ಷರ ಅಳಿಸಿಹೋದವು ಎನ್ನೋಣ. ಕೋರಮಂಗಲ ಪೂರ್ತಿ ಮಾಯ. ಮೂರನೆಯ ಬಡಾವಣೆ ಯಾವುದಾಗಿತ್ತೆಂದು ಬಿಬಿಎಂಪಿಯ ಹಳೆಯ ನೌಕರರಿಗೂ ಹೇಳಲಾಗದು. ಈಗ ಚೌಕವನ್ನು ಮೇಲಿನಿಂದ ಕೆಳಗೆ ಓದಿ ಕಳಿಸೋಣ: ಜ, ಬ, ಕೋ, ಉ, ಗಿ, ಆಮೇಲೆ ಯ, ನ, ರ, ತ್ತ, ರಿ, ಹೀಗೆ. ಕೇಳಿದವರಿಗೆ ಅರ್ಥವಾಗದ ಗೊಣಗು. ದಾರಿಯಲ್ಲಿ ನಡುವಿನ ಐದು ಅಕ್ಷರ, ಅಂದರೆ ಮೂರನೆಯ ಕಂಬಸಾಲು, ಅಳಿಸಿಹೋಯಿತು. ತಲುಪಿದ್ದನ್ನು ಮತ್ತೆ ಅಡ್ಡಸಾಲಿಗೆ ಜೋಡಿಸಿದಾಗ ದೊರೆಯುವುದು: ಜಯ-ಗರ, ಬನ-ಕರಿ, ಕೋರ-ಗಲ, ಉತ್ತ-ಹಳ್ಳಿ, ಗಿರಿ-ಗರ. ಬೆಂಗಳೂರಿನ ಯಾವ ಆಟೊ ಚಾಲಕರೂ ಐದನ್ನೂ ತುಂಬಿಕೊಡುತ್ತಾರೆ. ಎರಡು ಬಾರಿಯೂ ಕಳೆದುಹೋದದ್ದು ಐದೇ ಅಕ್ಷರ.

15 ಬಿಟ್‌ಗಳ ಬೋಸ್ ಸಂಕೇತದ 10 ಪದಗಳನ್ನು ಹೀಗೆಯೇ ಅಡ್ಡ ಬರೆದು ಉದ್ದ ಓದಿದರೆ, ಸತತ 30 ಬಿಟ್ ಕೆಟ್ಟರೂ ಪ್ರತಿ ಪದಕ್ಕೆ ತಗಲುವುದು ಮೂರೇ ತಪ್ಪು. ಮೂರು ತಪ್ಪನ್ನು ಬೋಸ್ ಸಂಕೇತ ತಾನೇ ನೋಡಿಕೊಳ್ಳುತ್ತದೆ. ಏಳು ರಾಗಿ ತಳಿಗಳನ್ನು ಏಳು ಕಟ್ಟುಗಳಿಗೆ ಹಂಚಿದಾಗ ಮಾಡಿದ್ದು ಇದನ್ನೇ ಎಂಬುದನ್ನು ಓದುಗರು ಈಗಾಗಲೇ ಗಮನಿಸಿರಬಹುದು. ಕ್ಯೂಆರ್ ಫಲಕದ ಉಳಿದ ಭಾಗದಲ್ಲಿರುವುದು ಬಿಸಿಎಚ್‌ನ ಹತ್ತಿರದ ಬಂಧುವಾದ ರೀಡ್-ಸಾಲೊಮನ್ ಸಂಕೇತ. ಫಲಕ ದೊಡ್ಡದಾದಾಗ ಅಲ್ಲಿಯೂ ಪದಗಳನ್ನು ಒಂದರೊಳಗೊಂದು ಹೆಣೆದೇ ಇಡಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗಳು ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ, ಸುಮಾರು 4,000 ಬಿಟ್‌ಗಳ ನಷ್ಟವನ್ನು ಹಾಡು ಕೆಡದಂತೆ ತುಂಬಿಕೊಂಡದ್ದೂ ಈ ಜೋಡಿಯ ಬಲದಿಂದಲೇ.

ಇಂಟರ್‌ಲೀವರ್ ಪುಕ್ಕಟೆಯಾಗಿ ಸಿಗುವುದಿಲ್ಲ. ಅವಧಾನ ನೋಡಿದವರಿಗೆ ವ್ಯಸ್ತಾಕ್ಷರಿ ನೆನಪಿರಬಹುದು. ಪೃಚ್ಛಕರು ಸಾಲೊಂದರ ಅಕ್ಷರಗಳನ್ನು ಕ್ರಮ ತಪ್ಪಿಸಿ, ಇಂತಿಷ್ಟನೆಯ ಅಕ್ಷರ ಇಂಥದು ಎಂದು ಆಗೊಂದು ಈಗೊಂದು ಒಪ್ಪಿಸುತ್ತಾರೆ. ಅವಧಾನಿಗಳು ಎಲ್ಲವನ್ನೂ ನೆನಪಿನಲ್ಲಿ ಹಿಡಿದು, ಕೊನೆಯ ಅಕ್ಷರ ಬರುವ ತನಕ ಕಾದು ಸಾಲನ್ನು ಹೇಳಬೇಕು. ಯಂತ್ರಕ್ಕೂ ಅದೇ ಪಾಡು: ನೆನಪೂ ಬೇಕು, ಕಾಯುವಿಕೆಯೂ ತಪ್ಪದು. ಚೌಕ ದೊಡ್ಡದಾದಷ್ಟೂ ದೊಡ್ಡ ಗೀರನ್ನು ತಡೆಯಬಹುದು, ಆದರೆ ದೂರವಾಣಿಯಲ್ಲಿ ಮಾತನಾಡುವವರ ನಡುವೆ ಮೌನ ಬೆಳೆಯುತ್ತದೆ. ಜಾನ್ ರ‍್ಯಾಮ್ಸೆ 1970ರಲ್ಲಿ, ಡೇವಿಡ್ ಫಾರ್ನಿ 1971ರಲ್ಲಿ ವಿವರಿಸಿದ ಮತ್ತೊಂದು ಬಗೆಯಲ್ಲಿ ಚೌಕ ತುಂಬುವ ತನಕ ಕಾಯಬೇಕಾಗಿಲ್ಲ. ಸಾಲುಗಳನ್ನು ಹಂತ ಹಂತವಾಗಿ ತಡೆದು ಬಿಡುವುದರಿಂದ ಕಾಯುವಿಕೆಯೂ ನೆನಪಿನ ವೆಚ್ಚವೂ ಸುಮಾರು ಅರ್ಧಕ್ಕಿಳಿಯುತ್ತವೆ. ಚೌಕದ ಪದ್ಧತಿಗೆ ಇನ್ನೊಂದು ದೌರ್ಬಲ್ಯವೂ ಉಂಟು. ಗದ್ದಲ ಸರಿಯಾಗಿ ಐದೈದು ಅಕ್ಷರಕ್ಕೊಮ್ಮೆ ಬಡಿದರೆ ಎಲ್ಲ ಪೆಟ್ಟೂ ಒಂದೇ ಹೆಸರಿಗೆ ಬೀಳುತ್ತದೆ. ಆದ್ದರಿಂದ ಎಷ್ಟು ಕದಲಿಸಬೇಕೆಂಬುದರಷ್ಟೇ ಹೇಗೆ ಕದಲಿಸಬೇಕೆಂಬುದೂ ಮುಖ್ಯವಾಯಿತು.

1993ರಲ್ಲಿ ಫ್ರಾನ್ಸಿನ ಕ್ಲೋಡ್ ಬೆರೂ ಮತ್ತು ಸಂಗಡಿಗರು ಟರ್ಬೊ ಸಂಕೇತಗಳನ್ನು ಮಂಡಿಸಿದ ಮೇಲಂತೂ ಅದೇ ಪ್ರಧಾನ ಪ್ರಶ್ನೆಯಾಯಿತು. ಅಲ್ಲಿ ಸಂದೇಶವನ್ನು ಒಮ್ಮೆ ಇದ್ದ ಹಾಗೆ, ಒಮ್ಮೆ ಕದಲಿಸಿ, ಎರಡು ಬಾರಿ ಸಂಕೇತಿಸಲಾಗುತ್ತದೆ. ಕದಲಿಸಿದ ರೀತಿ ಚೆನ್ನಾಗಿಲ್ಲದಿದ್ದರೆ ಸಂಕೇತವೇ ಸೊರಗುತ್ತದೆ. 3ಜಿ ಮೊಬೈಲುಗಳ ಇಂಟರ್‌ಲೀವರ್ ಅನ್ನು ಅವಿಭಾಜ್ಯ ಸಂಖ್ಯೆಗಳ ಗಡಿಯಾರ ಲೆಕ್ಕದಿಂದ ಕಟ್ಟಲಾಯಿತು. 4ಜಿಯಲ್ಲಿ 40ರಿಂದ 6,144 ಬಿಟ್‌ಗಳವರೆಗಿನ 188 ಅಳತೆಗಳಿಗೆ ಒಂದೊಂದು ಸೂತ್ರ ನಿಗದಿಯಾಗಿದೆ. 40 ಬಿಟ್‌ಗಳ ಸೂತ್ರ ಇಷ್ಟೇ: ಸ್ಥಾನದ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಅದರ ವರ್ಗವನ್ನು ಹತ್ತರಿಂದ ಗುಣಿಸಿ, ಎರಡನ್ನೂ ಕೂಡಿ, 40ರಿಂದ ಭಾಗಿಸಿದ ಶೇಷ. ಸೊನ್ನೆಯಿಂದ ಆರಂಭಿಸಿದರೆ 0, 13, 6, 19, 12, 25 ಎಂದು ಸಾಗುತ್ತದೆ. ಅಕ್ಕಪಕ್ಕದವರು ದೂರ ದೂರ ಹೋಗುತ್ತಾರೆ. ಯಾವ ಸ್ಥಾನವೂ ಎರಡು ಬಾರಿ ಬರುವುದಿಲ್ಲ, ಒಂದೂ ಬಿಟ್ಟುಹೋಗುವುದಿಲ್ಲ. ಲೆವಿಯವರ ತರಗತಿಯಲ್ಲಿ ಕೂತು ಸುತ್ತಿ ಬರುವ ಎಣಿಕೆಯನ್ನು ಕಲಿತ ಬೋಸ್ ಅವರಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ.

ಆದರೆ ಅವರು ಇದನ್ನೆಲ್ಲ ನೋಡಲು ಉಳಿದಿರಲಿಲ್ಲ. 1971ರಲ್ಲಿ ಚಾಪೆಲ್ ಹಿಲ್‌ನಿಂದ ನಿವೃತ್ತರಾದಾಗ ಅವರಿಗೆ ಎಪ್ಪತ್ತು. ವಿಶ್ರಾಂತಿ ಒಗ್ಗದೆ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿ ಇನ್ನೂ ಒಂಬತ್ತು ವರ್ಷ ಪಾಠ ಹೇಳಿದರು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1987ರ ಅಕ್ಟೋಬರ್ 31ರಂದು, ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿ, 86ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಅದಕ್ಕೆ ಎಂಟು ವಾರ ಮೊದಲು, ಆ ಸೆಪ್ಟೆಂಬರಿನಲ್ಲಿ, ಯೂರೋಪಿನ 13 ದೇಶಗಳ ಪ್ರತಿನಿಧಿಗಳು ಕೋಪನ್‌ಹೇಗನ್‌ನಲ್ಲಿ ಸೇರಿ ಜಿಎಸ್‌ಎಂ ಮೊಬೈಲ್ ಜಾಲಗಳನ್ನು ಆರಂಭಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆ ಪದ್ಧತಿಯಲ್ಲಿ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದ ಮಾತು 260 ಬಿಟ್‌ಗಳಾಗುತ್ತದೆ; ಕಾವಲು ಸೇರಿ 456 ಆಗುತ್ತದೆ; ಅವನ್ನು 57ರಂತೆ ಎಂಟು ಪಾಲು ಮಾಡಿ, ಎಂಟು ಬೇರೆ ಬೇರೆ ಗಳಿಗೆಗಳಲ್ಲಿ ಗಾಳಿಗೆ ಬಿಡಲಾಗುತ್ತದೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರೊಡನೆ ಭಾರತದ ಮೊದಲ ಮೊಬೈಲ್ ಕರೆ ಮಾಡಿ ಮಾತನಾಡಿದಾಗ ಅವರ ದನಿ ಹೀಗೆ ಎಂಟು ಪಾಲಾಗಿ ಹೊರಟಿತು. ಕರೆ ಹೋದದ್ದು ಕಲ್ಕತ್ತೆಯಿಂದ.